ಶುಶ್ರೂಷೆಯಲ್ಲಿ ಮನಸ್ಸಿಗೆ ಸಲ್ಲತಕ್ಕ ಪಾಲು

ಶೃಂಗೇರಿಯ ಮಗ್ಗುಲಲ್ಲಿರುವ ಮೆಣಸೆಯಂತಹ ಊರಿನಲ್ಲಾಗಲಿ, ಕೊಪ್ಪ ನರಸಿಂಹರಾಜಪುರಗಳ ಒಳಭಾಗದ ಒಂಟಿಮನೆಗಳಲ್ಲಾಗಲಿ, ಮನೆಯ ಒಬ್ಬರಿಗೆ ಅರ್ಬುದರೋಗವಿದೆಯೆಂಬುದು ನಿಶ್ಚಯವಾದ ಕೂಡಲೆ ಮೂರು ಪ್ರಶ್ನೆಗಳು ಏಳುತ್ತವೆ: ಯಾವ ಆಸ್ಪತ್ರೆಗೆ ಹೋಗುವುದು, ಹಣವನ್ನು ಎಲ್ಲಿಂದ ಹೊಂದಿಸುವುದು, ಜೊತೆಯಲ್ಲಿ ಯಾರು ಹೋಗುವುದು. ಮೂರೂ ನ್ಯಾಯವಾದ ಪ್ರಶ್ನೆಗಳೇ. ಆಗುಂಬೆಯ ಘಾಟಿಯನ್ನಿಳಿದು ಮಣಿಪಾಲಕ್ಕೆ ಹೋಗುವವರಿಗೂ, ಕೆರೆಕಟ್ಟೆಯ ಕಾಡನ್ನು ದಾಟಿ ಕಾರ್ಕಳದ ಮಾರ್ಗವಾಗಿ ಮಂಗಳೂರನ್ನು ಸೇರುವವರಿಗೂ, ಮುನ್ನೂರು ಕಿಲೋಮೀಟರಿಗೆ ಮಿಕ್ಕಿದ ದಾರಿಯನ್ನು ರಾತ್ರಿಯ ಬಸ್ಸಿನಲ್ಲಿ ಕಳೆದು ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯುವವರಿಗೂ ಇವುಗಳಿಂದ ತಪ್ಪಿಸಿಕೊಳ್ಳುವ ಉಪಾಯವಿಲ್ಲ. ಆದರೆ ನಾಲ್ಕನೆಯದೊಂದು ಪ್ರಶ್ನೆಯುಂಟು. ಅದನ್ನು ಕೇಳುವವರು ವಿರಳ. ತಿಂಗಳುಗಟ್ಟಲೆ ನಡೆಯುವ ಈ ಚಿಕಿತ್ಸೆಯನ್ನು ದೇಹದೊಂದಿಗೆ ತಾನೂ ಸಹಿಸಬೇಕಾಗಿರುವ ಮನಸ್ಸನ್ನು ನೋಡಿಕೊಳ್ಳುವವರು ಯಾರು?

ಮನಸ್ಸಿನ ಆರೈಕೆಯೆಂದರೆ ಪ್ರತ್ಯೇಕವಾದ ಒಂದು ಕೋಣೆಯಲ್ಲಿ, ಪ್ರತ್ಯೇಕವಾಗಿ ಕಲಿತ ಒಬ್ಬ ತಜ್ಞರು ಮಾತ್ರ ನೀಡಬಲ್ಲ ಚಿಕಿತ್ಸೆಯೆಂದು ನಾವು ಭಾವಿಸಿರುವುದೇ ಈ ಔದಾಸೀನ್ಯಕ್ಕೆ ಬಹುಮಟ್ಟಿನ ಕಾರಣ. ತಜ್ಞರ ಅಗತ್ಯ ಬೀಳುವ ಸಂದರ್ಭಗಳು ಇಲ್ಲವೆಂದಲ್ಲ. ಅವನ್ನು ಮುಂದೆ ಹೇಳುವೆನು. ಆದರೆ ನಿತ್ಯದ ಆರೈಕೆ ನಡೆಯುವುದು ಸಲೈನಿನ ಬಾಟಲಿಯನ್ನು ಬದಲಾಯಿಸುವಾಗ, ಗಾಯವನ್ನು ತೊಳೆಯುವಾಗ, ಗಂಜಿಯನ್ನು ಕುಡಿಸುವಾಗ, ಹಾಸಿಗೆಯ ಬಟ್ಟೆಯನ್ನು ಮಡಿಸುವಾಗ. ವೈದ್ಯರು ದಿನಕ್ಕೆ ಕೆಲವು ನಿಮಿಷ ಕಾಣುವ ರೋಗಿಯನ್ನು ದಾದಿಯು ಹಗಲೆಲ್ಲ ಕಾಣುತ್ತಾಳೆ. ಮನೆಗೆ ಮರಳಿದ ಮೇಲೆ ಆ ದಾದಿಯ ಸ್ಥಾನಕ್ಕೆ ಹೆಂಡತಿಯೋ ಮಗನೋ ಸೊಸೆಯೋ ಬರುತ್ತಾರೆ, ಊರಿನ ಆಶಾ ಕಾರ್ಯಕರ್ತೆಯೂ ಬರುತ್ತಾಳೆ. ಜ್ವರವನ್ನು ಕೇಳುವಷ್ಟೇ ಸಹಜವಾಗಿ, ಅಷ್ಟೇ ನಿಯಮದಿಂದ, ಮನಸ್ಸನ್ನೂ ಪ್ರತಿದಿನ ಕೇಳತಕ್ಕದ್ದೆಂಬುದನ್ನು ಇವರೆಲ್ಲರೂ ಒಪ್ಪಿದರೆ ಅರ್ಧ ಕೆಲಸ ಆದಂತೆಯೇ.

ಕೇಳುವುದಕ್ಕೆ ಒಂದು ಸುಲಭವಾದ ಕ್ರಮವಿದೆ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ 1977ರಲ್ಲಿ ಅರ್ಬುದರೋಗಿಗಳಿಗಾಗಿಯೇ ಮನೋವೈದ್ಯಕೀಯ ವಿಭಾಗವೊಂದನ್ನು ವಹಿಸಿಕೊಂಡು, ಆ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಅಗ್ರಗಣ್ಯರಾದ ಡಾಕ್ಟರ್ ಜಿಮ್ಮಿ ಹಾಲೆಂಡ್ ಅವರೂ ಅವರ ಸಂಗಡಿಗರೂ, ಖಿನ್ನತೆ ಮನೋರೋಗ ಮೊದಲಾದ ಹೆಸರುಗಳಿಗೆ ರೋಗಿಗಳು ಹಿಂಜರಿಯುವುದನ್ನು ಕಂಡು, ಸಂಕಟವನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕದಲ್ಲಿ ರೋಗಿಯೇ ಹೇಳುವಂತಹ ಒಂದು ಮಾಪಕವನ್ನು ಬಳಕೆಗೆ ತಂದರು. ಏನೂ ಸಂಕಟವಿಲ್ಲದಿದ್ದರೆ ಸೊನ್ನೆ, ಸಹಿಸಲಸಾಧ್ಯವಾದರೆ ಹತ್ತು. ನಾಲ್ಕು ಅಥವಾ ಅದಕ್ಕೂ ಮೇಲಿನ ಅಂಕ ಬಂದರೆ ಆ ವಿಷಯವನ್ನು ಅಲ್ಲಿಗೇ ಬಿಡದೆ ವಿಚಾರಿಸಬೇಕೆಂದು ನಿಯಮ. ಅಕ್ಷರ ಬಾರದ ಅಜ್ಜಿಗೂ ಇದು ಸಾಧ್ಯ. ಎರಡು ಕೈಗಳ ಬೆರಳುಗಳಿದ್ದರೆ ಸಾಕು. “ಇವತ್ತು ಮನಸ್ಸಿಗೆ ಎಷ್ಟು ಕಷ್ಟವಾಗಿದೆ ಅಮ್ಮಾ, ಬೆರಳಿನಲ್ಲಿ ತೋರಿಸಿ” ಎಂದು ಕೇಳಿ, ಆ ಅಂಕವನ್ನು ಜ್ವರದ ಪಕ್ಕದಲ್ಲಿಯೇ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಮುಂದಿನ ಸಲ ಆಸ್ಪತ್ರೆಗೆ ಹೋದಾಗ ವೈದ್ಯರ ಮುಂದಿಡಬೇಕು. ಅರ್ಬುದಕ್ಕೆ ಚಿಕಿತ್ಸೆ ಪಡೆಯುವವರಲ್ಲಿ ಸುಮಾರು ಮೂವರಿಗೊಬ್ಬರು ಗಮನಕ್ಕೆ ತರಲೇಬೇಕಾದ ಮಾನಸಿಕ ವ್ಯಾಧಿಗೆ ಒಳಗಾಗುವರೆಂದು ಅನೇಕ ದೇಶಗಳ ಅಧ್ಯಯನಗಳು ತೋರಿಸಿವೆಯಾದ್ದರಿಂದ, ಇದನ್ನು ಅಪರೂಪದ ಪ್ರಸಂಗವೆಂದು ಎಣಿಸುವಂತಿಲ್ಲ.

ಇನ್ನು, ನಮ್ಮ ಕಡೆಯ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ತೊಡಕನ್ನುಂಟುಮಾಡುವ ಸಂಗತಿಗೆ ಬರುವೆನು. “ಅವರಿಗೆ ಹೇಳಬೇಡಿ ಸಿಸ್ಟರ್, ತಡೆದುಕೊಳ್ಳುವುದಿಲ್ಲ” ಎಂಬ ಮಾತನ್ನು ಕೇಳದ ದಾದಿ ಕರ್ನಾಟಕದ ಯಾವ ಅರ್ಬುದ ಆಸ್ಪತ್ರೆಯಲ್ಲಿಯೂ ಇರಲಾರಳು. ಆಡುವವರದು ಪ್ರೀತಿಯೇ, ಅದರಲ್ಲಿ ಸಂದೇಹವಿಲ್ಲ. ಆದರೆ ಗಡ್ಡೆಯೆಂದೋ ಹುಣ್ಣೆಂದೋ ಹೇಳಿ ಕರೆತಂದ ರೋಗಿಯು, ವಾರ್ಡಿನಲ್ಲಿ ಅಕ್ಕಪಕ್ಕದ ಹಾಸಿಗೆಯವರನ್ನು ಕಂಡು, ಆಸ್ಪತ್ರೆಯ ಹೆಸರಿನ ಫಲಕವನ್ನು ಓದಿ, ತನ್ನ ಕೂದಲು ಉದುರುವುದನ್ನು ನೋಡಿ, ಎರಡನೆಯ ವಾರದ ಹೊತ್ತಿಗೆ ಎಲ್ಲವನ್ನೂ ಊಹಿಸಿಕೊಂಡಿರುತ್ತಾನೆ. ತಾನು ಊಹಿಸಿರುವೆನೆಂಬುದನ್ನು ಮನೆಯವರಿಂದ ತಾನೂ ಮುಚ್ಚಿಡಲು ತೊಡಗುತ್ತಾನೆ. ಹೀಗೆ ಒಂದೇ ಸೂರಿನ ಕೆಳಗೆ ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡುವ ಭರದಲ್ಲಿ ಒಬ್ಬಂಟಿಗರಾಗುತ್ತಾರೆ. ಭಯವನ್ನು ಹೇಳಿಕೊಳ್ಳಲು ಆ ರೋಗಿಗೆ ಯಾರೂ ಉಳಿಯುವುದಿಲ್ಲ. ಚಿಕಿತ್ಸೆಯ ಮಧ್ಯೆಯೇ ಮನೆಗೆ ಹೊರಡುವೆನೆಂದು ಹಟ ಹಿಡಿಯುವವರಲ್ಲಿ, ತಾವೇಕೆ ಇಷ್ಟು ಯಾತನೆಯನ್ನು ಸಹಿಸಬೇಕೆಂಬುದನ್ನು ಯಾರಿಂದಲೂ ಸ್ಪಷ್ಟವಾಗಿ ಕೇಳದವರೂ ಇರುತ್ತಾರೆಂಬುದನ್ನು ಮರೆಯಬಾರದು.

ಹಾಗೆಂದು, ಕೇಳದವರ ಮೇಲೆ ಸತ್ಯವನ್ನು ಒಮ್ಮೆಗೇ ಸುರಿಯುವುದೂ ಶುಶ್ರೂಷೆಯಲ್ಲ. ಎಷ್ಟು ತಿಳಿಯಬೇಕೆಂಬುದನ್ನು ನಿರ್ಣಯಿಸುವ ಅಧಿಕಾರ ರೋಗಿಯದು. ಆದುದರಿಂದ ಮೊದಲು ಅವರನ್ನೇ ಕೇಳಬೇಕು. “ನಿಮಗೇನಾಗಿದೆ ಎಂದು ನೀವು ತಿಳಿದುಕೊಂಡಿದ್ದೀರಿ ರಾಯರೇ?” ಎಂಬುದು ಒಳ್ಳೆಯ ಆರಂಭ. ಬಂದ ಉತ್ತರದಲ್ಲಿಯೇ ಅವರು ಎಲ್ಲಿಯವರೆಗೆ ನಡೆದು ಬಂದಿರುವರೆಂಬುದು ಗೊತ್ತಾಗುತ್ತದೆ. “ಇನ್ನೂ ವಿವರವಾಗಿ ತಿಳಿಯಬೇಕೆನ್ನಿಸುತ್ತದೆಯೇ, ಅಥವಾ ಮಗನ ಹತ್ತಿರ ಮಾತಾಡಿದರೆ ಸಾಕೇ?” ಎಂಬುದು ಎರಡನೆಯದು. ಮಗನೇ ನೋಡಿಕೊಳ್ಳಲಿ ಎಂದವರ ಇಚ್ಛೆಯನ್ನು ಗೌರವಿಸಬೇಕು. ತಿಳಿಯಬೇಕೆಂದವರಿಗೆ ವೈದ್ಯರಿಂದ, ಮನೆಯವರ ಸಮಕ್ಷಮದಲ್ಲಿ, ಕುಳಿತು, ಅವಸರವಿಲ್ಲದೆ ಹೇಳಿಸಬೇಕು. ಹೇಳಬೇಡಿರೆನ್ನುವ ಮನೆಯವರನ್ನು ಗದರಿಸುವುದರಿಂದ ಏನೂ ಆಗದು. ಅವರ ಭಯವೇನೆಂದು ಕೇಳಿ, “ನಾವಾಗಿ ಹೇಳಹೋಗುವುದಿಲ್ಲ, ಆದರೆ ಅವರಾಗಿ ಕೇಳಿದರೆ ಸುಳ್ಳು ಹೇಳಲಾರೆವು” ಎಂದು ತಿಳಿಸಿದರೆ ಬಹುಮಂದಿ ಒಪ್ಪುತ್ತಾರೆ.

ಸಮಾಧಾನದ ಮಾತಿನ ವಿಷಯದಲ್ಲಿಯೂ ಎಚ್ಚರ ಅಗತ್ಯ. “ಏನೂ ಆಗುವುದಿಲ್ಲ, ಧೈರ್ಯವಾಗಿರಿ” ಎಂಬುದು ನೋಡಲು ಬಂದವರೆಲ್ಲರ ಬಾಯಿಯಲ್ಲಿ ಬರುವ ಮಾತು. ಅದರೊಂದಿಗೆ ಯಾರದೋ ದೂರದ ನಂಟರು ಯಾವುದೋ ಕಷಾಯದಿಂದ ಗುಣವಾದ ಕಥೆಯೂ ಬರುತ್ತದೆ. ಶುಶ್ರೂಷೆಯನ್ನು ಕುರಿತು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಹೊರತಂದ ಪುಸ್ತಕದಲ್ಲಿ, ಸಂದರ್ಶಕರ ಇಂತಹ ಪೊಳ್ಳು ಆಶ್ವಾಸನೆ ಮತ್ತು ಉಪದೇಶಗಳಿಂದ ರೋಗಿಗೆ ಆಗುವ ಪೀಡೆಗೆಂದೇ ಒಂದು ಅಧ್ಯಾಯ ಮೀಸಲಾಗಿದೆ; ಅಂದರೆ ಈ ಕಷ್ಟ ಮಲೆನಾಡಿಗೆ ಮಾತ್ರ ಸೇರಿದ್ದಲ್ಲ. ಏನೂ ಆಗುವುದಿಲ್ಲವೆಂದೊಡನೆ ರೋಗಿಯು ಆಡಬೇಕೆಂದಿದ್ದ ಮಾತು ಗಂಟಲಲ್ಲಿಯೇ ನಿಲ್ಲುತ್ತದೆ. ಅದಕ್ಕೆ ಬದಲಾಗಿ “ಯಾವುದರ ಬಗ್ಗೆ ಹೆಚ್ಚು ಹೆದರಿಕೆಯಾಗುತ್ತದೆ?” ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನೆ ಕುಳಿತಿರುವುದು ಮೇಲು. ಅತ್ತರೆ ಅಳಲಿ. ಅಳುವವರ ಎದುರಿಗೆ ಕುಳಿತು, ಕೈಹಿಡಿಯುವುದು ಅವರಿಗೆ ಒಪ್ಪಿತವಾಗಿದ್ದರೆ ಹಿಡಿದು, ಸುಮ್ಮನಿರಬಲ್ಲ ದಾದಿಯು ದೊಡ್ಡ ಉಪಕಾರವನ್ನೇ ಮಾಡಿರುತ್ತಾಳೆ.

ಆ ಹೆದರಿಕೆ ಅನೇಕ ವೇಳೆ ನಾವೆಣಿಸಿದ ಸಾವಿನ ಭಯವಾಗಿರುವುದಿಲ್ಲ. ಚಿಕ್ಕದೂ ಖಚಿತವೂ ಆದ, ಹೇಳಿದರೆ ಹೋಗಿಬಿಡುವಂತಹ ಭಯವಾಗಿರುತ್ತದೆ. ಸೂಜಿ ಚುಚ್ಚಿ ಪರೀಕ್ಷೆಗೆ ತೆಗೆದರೆ ರೋಗ ಹರಡುತ್ತದೆಂದು ನಂಬಿ ಬಯಾಪ್ಸಿಗೆ ಒಪ್ಪದವರಿದ್ದಾರೆ. ವಿಕಿರಣ ಚಿಕಿತ್ಸೆಯನ್ನು ಜನರು ‘ಕರೆಂಟ್ ಕೊಡುವುದು’ ಎಂದೇ ಕರೆಯುವುದರಿಂದ, ಶಾಕ್ ಹೊಡೆಯುತ್ತದೆಂದು ನಡುಗುತ್ತ ಮೇಜಿನ ಮೇಲೆ ಮಲಗುವವರೂ ಇದ್ದಾರೆ. ಅಂಥವರಿಗೆ ಮುಂಚಿತವಾಗಿಯೇ ತಿಳಿಸಬೇಕಾದದ್ದು ಇಷ್ಟು: ವಿಕಿರಣ ಬೀಳುವಾಗ ಎಕ್ಸ್‌ರೇ ತೆಗೆಸಿಕೊಂಡಾಗಿನಂತೆಯೇ ಏನೂ ನೋವಾಗದು; ಬಾಯಿ ಅಥವಾ ಕುತ್ತಿಗೆಯ ಭಾಗಕ್ಕಾದರೆ ಮುಖದ ಅಚ್ಚಿಗೆ ಸರಿಯಾಗಿ ಮಾಡಿದ ಬಲೆಯಂತಹ ಮುಖವಾಡವನ್ನು ತೊಡಿಸುತ್ತಾರೆ, ಅದರಲ್ಲಿ ಉಸಿರಾಡಬಹುದು; ಕೋಣೆಯಲ್ಲಿ ಕೆಲವು ನಿಮಿಷ ಒಬ್ಬರೇ ಇರಬೇಕಾದರೂ ಹೊರಗಿನವರು ಪರದೆಯ ಮೇಲೆ ನೋಡುತ್ತಲೇ ಇರುತ್ತಾರೆ, ಕೈಯೆತ್ತಿದರೆ ಯಂತ್ರವನ್ನು ನಿಲ್ಲಿಸುತ್ತಾರೆ; ಹೊರಗಿನಿಂದ ಕೊಡುವ ಈ ವಿಕಿರಣ ಮೈಯಲ್ಲಿ ಉಳಿಯುವುದಿಲ್ಲವಾದುದರಿಂದ ಮನೆಗೆ ಬಂದು ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಅಡ್ಡಿಯಿಲ್ಲ. ಬಾಯಿ ಕುತ್ತಿಗೆಗಳಿಗೆ ಸಾಧಾರಣವಾಗಿ ವಾರಕ್ಕೆ ಐದು ದಿನದಂತೆ ಆರೇಳು ವಾರ ನಡೆಯುವ ಈ ಚಿಕಿತ್ಸೆಯಲ್ಲಿ, ಬಾಯಿಯ ಹುಣ್ಣು ನೋವುಗಳು ಎರಡು ಮೂರನೆಯ ವಾರದಿಂದ ಹೆಚ್ಚುತ್ತವೆ; ಅದನ್ನೂ ಮೊದಲೇ ತಿಳಿಸಿದ್ದರೆ, ಆ ವಾರಗಳಲ್ಲಿ ರೋಗವೇ ಉಲ್ಬಣಿಸಿತೆಂದು ಎದೆಗುಂದುವುದು ತಪ್ಪುತ್ತದೆ. ಇದು ಅಂಟುರೋಗವೆಂದು ತಟ್ಟೆ ಲೋಟಗಳನ್ನು ಬೇರೆಮಾಡಿ ಇಡುವ ಮನೆಗಳು ಈಗಲೂ ಇವೆ. ಅರ್ಬುದ ಸ್ಪರ್ಶದಿಂದ ಹರಡುವುದಿಲ್ಲ. ಬೇರೆ ತಟ್ಟೆಯಾದರೋ ಆ ರೋಗಿಯ ಮನಸ್ಸನ್ನು ಪ್ರತಿ ಊಟದಲ್ಲಿಯೂ ಇರಿಯುತ್ತದೆ.

ಕಿಮೋ ಚಿಕಿತ್ಸೆಯ ಕಾಲದಲ್ಲಿ ಕಾಣುವ ಒಂದು ವಿಚಿತ್ರವನ್ನು ವಿಶೇಷವಾಗಿ ಹೇಳಬೇಕು. ಎರಡು ಮೂರು ಸುತ್ತು ಔಷಧ ಹೋದ ಮೇಲೆ, ಔಷಧವಿನ್ನೂ ಮೈಗೆ ಸೇರುವ ಮೊದಲೇ, ಆಸ್ಪತ್ರೆಯ ವಾಸನೆಗೋ ವಾರ್ಡಿನ ಬಾಗಿಲಿನ ದರ್ಶನಕ್ಕೋ ಓಕರಿಕೆ ಬರಲು ತೊಡಗುತ್ತದೆ. ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿಯಲ್ಲಿ ವಾಂತಿ ಮಾಡಿಕೊಳ್ಳುತ್ತಲೇ ಹತ್ತಿ ಮನೆಗೆ ಬಂದವರಿಗೆ, ಮುಂದಿನ ಸಲ ಘಾಟಿಯ ಬುಡದ ಸೋಮೇಶ್ವರದ ಹೆಸರು ಕೇಳಿದರೇ ಹೊಟ್ಟೆ ತೊಳಸುವುದುಂಟು. ಇದು ನಟನೆಯಲ್ಲ, ಮನೋದೌರ್ಬಲ್ಯವೂ ಅಲ್ಲ. ಹಿಂದಿನ ಅನುಭವವನ್ನು ಮೆದುಳು ಆ ದಾರಿಗೂ ವಾಸನೆಗೂ ಗಂಟುಹಾಕಿಕೊಂಡಿದೆ. ಮೊದಲ ಸುತ್ತಿನಿಂದಲೇ ವಾಂತಿಯನ್ನು ಚೆನ್ನಾಗಿ ಹತೋಟಿಯಲ್ಲಿಡುವುದೇ ಇದಕ್ಕೆ ಉತ್ತಮವಾದ ತಡೆ. ಆದುದರಿಂದ ವಾಂತಿಯ ಮಾತ್ರೆಯನ್ನು, ವಾಂತಿ ಬರಲಿ ನೋಡೋಣ ಎಂದು ಮುಂದೂಡದೆ, ಹೇಳಿದ ಹೊತ್ತಿಗೆ ಸರಿಯಾಗಿ ಕೊಡಬೇಕು. ಔಷಧಕ್ಕೆ ಮೊದಲೇ ಬರುವ ಈ ಓಕರಿಕೆ ಆರಂಭವಾಗಿಬಿಟ್ಟಿದ್ದರೆ ವೈದ್ಯರಿಗೆ ತಿಳಿಸಬೇಕು, ಅದಕ್ಕೂ ಔಷಧವಿದೆ. ಜೊತೆಗೆ ಉಸಿರಿನ ಅಭ್ಯಾಸವೂ ಫಲಕಾರಿ: ಬೆನ್ನಿಗೆ ಆಸರೆಯಿಟ್ಟು ಕುಳಿತು, ನಾಲ್ಕು ಎಣಿಸುವವರೆಗೆ ಮೂಗಿನಿಂದ ಉಸಿರೆಳೆದು, ಆರು ಎಣಿಸುವವರೆಗೆ ಮೆಲ್ಲನೆ ಬಿಡುತ್ತ, ಪಾದದಿಂದ ಹಣೆಯವರೆಗೆ ಒಂದೊಂದೇ ಅಂಗವನ್ನು ಬಿಗಿಹಿಡಿದು ಸಡಿಲಿಸುತ್ತ ಹತ್ತು ನಿಮಿಷ ಕಳೆಯುವುದು. ಇದನ್ನು ಮನೆಯಲ್ಲಿ ನಿಶ್ಚಿಂತೆಯಾಗಿರುವ ದಿನಗಳಲ್ಲಿ ರೂಢಿಸಿಕೊಂಡಿದ್ದರೆ ಮಾತ್ರ ಘಾಟಿಯ ಮೇಲೆ ಕೈಗೆ ಬರುತ್ತದೆ.

ಕೂದಲಿನ ವಿಷಯವನ್ನು ಹಗುರವಾಗಿ ಕಾಣುವವರು, ನಮ್ಮ ಹೆಂಗಸರ ಮನಸ್ಸನ್ನು ಬಲ್ಲವರಲ್ಲ. ವಿಧವೆಯರ ಕೇಶಮುಂಡನವನ್ನು ಕಣ್ಣಾರೆ ಕಂಡವರ ಮಕ್ಕಳು ಮೊಮ್ಮಕ್ಕಳು ಇನ್ನೂ ಇರುವ ಈ ಸೀಮೆಯಲ್ಲಿ, ಮುತ್ತೈದೆಯೊಬ್ಬಳ ತಲೆ ಬೋಳಾಗುವುದು ಅವಳಿಗೂ ಅವಳ ಅತ್ತೆಗೂ ಒಂದು ಅಮಂಗಳದ ಭೀತಿಯನ್ನು ತರುತ್ತದೆ. ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಡುತ್ತಾರೆ. ಎಲ್ಲ ಕಿಮೋ ಔಷಧಗಳೂ ಕೂದಲನ್ನು ಉದುರಿಸುವುದಿಲ್ಲ. ಉದುರಿಸುವಂಥದ್ದಾದರೆ ಮೊದಲ ಸುತ್ತಿನ ಎರಡು ಮೂರು ವಾರಗಳೊಳಗೆ ಉದುರಲಾರಂಭಿಸುತ್ತದೆಂದೂ, ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಸಾಧಾರಣವಾಗಿ ಮತ್ತೆ ಬೆಳೆಯುತ್ತದೆಂದೂ ಮುಂಚೆಯೇ ಹೇಳಿ, ಅವಳ ಇಷ್ಟದಂತೆ ಮೊದಲೇ ಮೋಟಾಗಿ ಕತ್ತರಿಸಿಕೊಳ್ಳುವ ಆಯ್ಕೆಯನ್ನು ಕೊಟ್ಟರೆ, ದಿಂಬಿನ ಮೇಲೆ ಹಿಡಿಹಿಡಿಯಾಗಿ ಕಾಣುವ ಆಘಾತ ಕಡಿಮೆಯಾಗುತ್ತದೆ. ತಲೆಗೆ ಕಟ್ಟಿದ ಹತ್ತಿಯ ಬಟ್ಟೆಗೇ ಒಂದು ಎಳೆ ಮಲ್ಲಿಗೆಯನ್ನು ಸಿಕ್ಕಿಸಬಹುದೆಂದು ಸೂಚಿಸುವುದು ಅಲ್ಪವೆಂದು ತೋರಬಹುದು. ನನಗೆ ಅದು ಅಲ್ಪವೆಂದು ತೋರುವುದಿಲ್ಲ.

ಮನಸ್ಸಿನದೆಂದು ಕಾಣುವುದೆಲ್ಲ ಮನಸ್ಸಿನದೇ ಆಗಿರಬೇಕೆಂದಿಲ್ಲ. ಕಿಮೋ ಜೊತೆಗೆ ಕೊಡುವ ಸ್ಟೀರಾಯ್ಡ್ ಔಷಧದಿಂದ ಕೆಲವು ದಿನ ನಿದ್ರೆ ಹಾರಿ, ಸಿಡುಕು ಹೆಚ್ಚಿ, ನಿಂತ ಮೇಲೆ ಮನಸ್ಸು ಕುಸಿಯುವುದುಂಟು. ಬೆಳಗಿನ ಹೊತ್ತೇ ಕೊಡಬಹುದೇ ಎಂದು ವೈದ್ಯರನ್ನು ಕೇಳಬೇಕು. ಕುತ್ತಿಗೆಗೆ ವಿಕಿರಣ ಪಡೆದ ಕೆಲವರಲ್ಲಿ ತಿಂಗಳುಗಳ ಬಳಿಕ ಥೈರಾಯ್ಡ್ ಕುಂದಿ ಜಡತೆ ಬರುವುದುಂಟು. ರಕ್ತದಲ್ಲಿ ಸೋಡಿಯಂ ಇಳಿದರೂ ಕ್ಯಾಲ್ಸಿಯಂ ಏರಿದರೂ ರೋಗಿ ಮಂಕಾಗಿ, ಹಗಲು ಮಲಗಿ, ರಾತ್ರಿ ಅಸಂಬದ್ಧವಾಗಿ ಮಾತಾಡಬಹುದು. ಒಂದೆರಡು ದಿನದೊಳಗೆ ಸ್ವಭಾವವೇ ಬದಲಾಯಿತೆಂದು ಕಂಡರೆ ಅದನ್ನು ದುಃಖವೆಂದು ಬಗೆಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಕಿಮೋ ಆದ ಮೇಲೆ 100.4 ಡಿಗ್ರಿ ಅಥವಾ ಮೇಲ್ಪಟ್ಟ ಜ್ವರ ಬಂದರಂತೂ ಮಳೆಗಾಲವಾಗಲಿ ರಾತ್ರಿಯಾಗಲಿ ತಡಮಾಡಬಾರದು. ನೋವಿರುವವರೆಗೆ ಸಾಂತ್ವನದ ಯಾವ ಮಾತೂ ಒಳಗಿಳಿಯದು. ದಾದಿಯಾಗಿ ಆರಂಭಿಸಿ ಅನಂತರ ವೈದ್ಯೆಯಾದ ಸಿಸಿಲಿ ಸಾಂಡರ್ಸ್, 1967ರಲ್ಲಿ ಲಂಡನ್ನಿನ ಸೇಂಟ್ ಕ್ರಿಸ್ಟೋಫರ್ಸ್ ಶುಶ್ರೂಷಾಲಯವನ್ನು ತೆರೆದ ಆ ಮಹಾತಾಯಿ, ದೇಹ ಮನಸ್ಸು ಸಂಸಾರ ಆತ್ಮಗಳ ನೋವು ಒಂದರೊಳಗೊಂದು ಹೆಣೆದುಕೊಂಡಿರುತ್ತದೆಂದು ಬೋಧಿಸಿದರು. ಮಾರ್ಫಿನ್ ಕೊಟ್ಟರೆ ಚಟ ಹತ್ತುತ್ತದೆಂದು ಹೆದರಿ ರೋಗಿಯನ್ನು ನರಳಲು ಬಿಡುವುದು ಅನ್ಯಾಯ. ವೈದ್ಯರು ನಿಗದಿಪಡಿಸಿದಂತೆ ನೋವಿಗೆ ಕೊಡುವ ಔಷಧದಿಂದ ಆ ಬಗೆಯ ಚಟ ಅಪೂರ್ವ.

ನಮ್ಮ ಭಾಗದ ರೋಗಿಯ ಚಿಂತೆ ಎಲ್ಲಿ ಸುತ್ತುತ್ತಿರುತ್ತದೆಂಬುದನ್ನು ನಗರದ ದಾದಿಯರು ಅರಿತಿದ್ದರೆ ಒಳ್ಳೆಯದು. ಆಷಾಢದಲ್ಲಿ ವಾರ್ಡಿನಲ್ಲಿ ಮಲಗಿ ಮಾತಿಲ್ಲದೆ ಸೂರನ್ನು ನೋಡುತ್ತಿರುವ ಗೌಡರು, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲ ಮೀರುತ್ತಿದೆಯೆಂದು ಕೊರಗುತ್ತಿರಬಹುದು. ಕಾರ್ತಿಕದಲ್ಲಾದರೆ ಕೊನೆ ತೆಗೆಯುವವರು ಸಿಕ್ಕಿದರೋ ಇಲ್ಲವೋ ಎಂದು. ಹಳದಿ ಎಲೆ ರೋಗದಿಂದ ಈ ಮೂರೂ ತಾಲ್ಲೂಕುಗಳಲ್ಲಿ ತೋಟಗಳ ಉತ್ಪತ್ತಿ ಕುಸಿದು ಸಾಲ ಬೆಳೆದಿರುವ ಮನೆಗಳಲ್ಲಿ, ತನ್ನ ಚಿಕಿತ್ಸೆಗೆ ಸುರಿಯುವ ಹಣವೇ ರೋಗಿಯನ್ನು ರೋಗಕ್ಕಿಂತ ಹೆಚ್ಚಾಗಿ ಬಾಧಿಸುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ನೆರವಿದೆ. ಆ ಕಾಗದಗಳನ್ನು ಮೊದಲ ಭೇಟಿಯಲ್ಲಿಯೇ ಸರಿಪಡಿಸಿ ರೋಗಿಗೆ ಹೇಳುವುದೂ ಮನಸ್ಸಿನ ಶುಶ್ರೂಷೆಯೇ. ತೋಟದ ಕೆಲಸ ನಡೆಯಿತೆಂದು ಪ್ರತಿದಿನ ಫೋನಿನಲ್ಲಿ ತಿಳಿಸುವ ಒಬ್ಬ ಅಣ್ಣನಿದ್ದರೆ ಅದರ ಬೆಲೆ ನಿದ್ರೆಯ ಮಾತ್ರೆಗಿಂತ ಹೆಚ್ಚು.

ಬಾಯಿಯ ಅರ್ಬುದವಾದವರಿಗೆ ಪಶ್ಚಾತ್ತಾಪದ ಹೊರೆಯೂ ಸೇರುತ್ತದೆ. ಅಡಿಕೆಯನ್ನು ಅರ್ಬುದಕಾರಕವೆಂದು ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದೆ. ಅಡಿಕೆಯಿಂದಲೇ ಬದುಕುವ ಊರಿಗೆ ಈ ಮಾತು ಎಷ್ಟು ಕಹಿಯಾದರೂ, ಚಿಕಿತ್ಸೆಯ ಕಾಲದಲ್ಲಿ ಕವಳವನ್ನೂ ಹೊಗೆಸೊಪ್ಪನ್ನೂ ಪೂರ್ತಿಯಾಗಿ ಬಿಡಿಸಲೇಬೇಕು. ಆದರೆ “ಹೇಳಿದರೆ ಕೇಳಿದಿರಾ?” ಎಂಬ ಹಂಗಿಸುವ ಮಾತಿನಿಂದ ಯಾರೂ ಬಿಟ್ಟಿಲ್ಲ. ಪ್ರಾರಬ್ಧವೆಂದು ನಿಟ್ಟುಸಿರಿಡುವವರೊಡನೆ ವಾದಕ್ಕಿಳಿಯುವುದೂ ಬೇಡ. ಅರ್ಬುದದ ಸಂದರ್ಭದಲ್ಲಿ ಭಾರತೀಯರಿಗೆ ಬದುಕಿನಲ್ಲಿ ಯಾವುದು ಮುಖ್ಯವೆಂಬುದನ್ನು ವಿಚಾರಿಸಿದ ನಿಮ್ಹಾನ್ಸಿನ ಡಾಕ್ಟರ್ ಸಂತೋಷ್ ಚತುರ್ವೇದಿಯವರು, ಕೆಲಸಮಾಡುವ ಶಕ್ತಿಗಿಂತಲೂ ಮನಶ್ಶಾಂತಿ, ಆಧ್ಯಾತ್ಮಿಕ ತೃಪ್ತಿ, ಸಂಸಾರದ ಸುಖಗಳನ್ನೇ ಬಹುಮಂದಿ ಮೇಲಾಗಿ ಎಣಿಸುವರೆಂದು 1990ರ ದಶಕದ ಆರಂಭದಲ್ಲಿಯೇ ಬರೆದರು. ಶಾರದೆಯ ಕುಂಕುಮವನ್ನು ದಿಂಬಿನ ಕೆಳಗಿಟ್ಟುಕೊಳ್ಳುವವರನ್ನು ಇಟ್ಟುಕೊಳ್ಳಲು ಬಿಡಿ. ಮಡಿಯ ಊಟಕ್ಕೆ ಒಗ್ಗಿದವರಿಗೆ ಆಸ್ಪತ್ರೆಯ ಅನ್ನ ಸೇರದಿದ್ದರೆ ಬೇರೆ ವ್ಯವಸ್ಥೆಯನ್ನು ಯೋಚಿಸಿ. ನಾಟಿ ಔಷಧವನ್ನು ತಂದು ಕುಡಿಯುತ್ತಿರುವವರು ಬೈಗುಳದ ಭಯದಿಂದ ಅದನ್ನು ಮುಚ್ಚಿಡದಂತೆ ನೋಡಿಕೊಳ್ಳುವುದು ಅತಿಮುಖ್ಯ, ಏಕೆಂದರೆ ಕಿಮೋ ನಡೆಯುತ್ತಿರುವಾಗ ಯಕೃತ್ತಿನ ಮೇಲೆ ಎರಡರ ಭಾರವೂ ಬೀಳಬಹುದು.

ತಜ್ಞರನ್ನು ಕಾಣಲೇಬೇಕಾದ ಲಕ್ಷಣಗಳಿವೆ. ಎರಡು ವಾರಕ್ಕೂ ಮಿಕ್ಕಿ ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು, ಮೊಮ್ಮಕ್ಕಳು ಬಂದರೂ ಮುಖ ತಿರುಗಿಸುವುದು, ಎದೆಬಡಿತದೊಡನೆ ಭಯ ಮರಮರಳಿ ಬರುವುದು, ಚಿಕಿತ್ಸೆಯೇ ಬೇಡವೆನ್ನುವುದು, “ನಾನಿದ್ದು ಯಾರಿಗೇನು ಪ್ರಯೋಜನ” ಎನ್ನುವುದು. ಈ ಕಡೆಯ ಮಾತನ್ನು ಕೇಳಿದೊಡನೆ “ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯೇ?” ಎಂದು ನೇರವಾಗಿ, ಮೃದುವಾಗಿ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆಯನ್ನು ಹುಟ್ಟಿಸಿದಂತಾಗುತ್ತದೆಂಬುದು ತಪ್ಪು ತಿಳಿವಳಿಕೆ. ಬಹುಮಂದಿಗೆ ಕೇಳಿದ್ದರಿಂದಲೇ ಭಾರವಿಳಿಯುತ್ತದೆ. ರೋಗ ಗೊತ್ತಾದ ಮೊದಲ ವಾರಗಳೇ ಹೆಚ್ಚು ಅಪಾಯದವು. ಆದುದರಿಂದ ತೋಟಕ್ಕೆ ಹೊಡೆಯುವ ಔಷಧಗಳನ್ನೂ ಮೈಲುತುತ್ತವನ್ನೂ ಮನೆಯ ಕೋವಿಯನ್ನೂ ಆ ದಿನಗಳಲ್ಲಿಯೇ ಬೀಗದೊಳಗಿಡಬೇಕು ಅಥವಾ ಬೇರೆಡೆಗೆ ಸಾಗಿಸಬೇಕು, ರೋಗಿಯನ್ನು ಒಬ್ಬರನ್ನೇ ಬಿಡಬಾರದು.

ಟೆಲಿ ಮಾನಸ್ ಸಹಾಯವಾಣಿ 14416, 2022ರಿಂದ ಹಗಲಿರುಳೂ ನಡೆಯುತ್ತಿದ್ದು, ಕನ್ನಡದಲ್ಲಿ ಉಚಿತವಾಗಿ ಮಾತಾಡಬಹುದು; ಮೊಬೈಲಿಗೆ ಸಿಗ್ನಲ್ ಸಿಗದ ಮನೆಗಳವರು ಸಿಗುವ ಜಾಗವನ್ನು ಮೊದಲೇ ಗೊತ್ತುಮಾಡಿಕೊಂಡಿರಲಿ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ ಮನೋಚೈತನ್ಯ ಕಾರ್ಯಕ್ರಮವಿದೆ. ದಿನವನ್ನು ವಿಚಾರಿಸಿಕೊಂಡು ಹೋಗಬೇಕು. 1973ರಲ್ಲಿ ಸ್ಥಾಪಿತವಾದ, ಅರ್ಬುದ ಚಿಕಿತ್ಸೆಯ ಕಿದ್ವಾಯಿ ಸಂಸ್ಥೆಯೂ ಮನೋವೈದ್ಯದ ನಿಮ್ಹಾನ್ಸೂ ಬೆಂಗಳೂರಿನಲ್ಲಿ ನೆರೆಹೊರೆಯಲ್ಲಿಯೇ ಇವೆ. ಮಣಿಪಾಲದ ಕಸ್ತೂರಬಾ ಆಸ್ಪತ್ರೆಯಲ್ಲಿ ಉಪಶಮನ ವೈದ್ಯದ ವಿಭಾಗವೇ ಇದ್ದು, ರೋಗ ಮುಂದುವರಿದವರಿಗೆ ಮಾತ್ರವಲ್ಲದೆ ಚಿಕಿತ್ಸೆಯ ನಡುವಿನಲ್ಲಿರುವವರಿಗೂ ಅದು ಉಪಯುಕ್ತ. ಗುಣಪಡಿಸುವ ಚಿಕಿತ್ಸೆ ಮುಗಿದವರಿಗೆ ಬೆಂಗಳೂರಿನ ಕರುಣಾಶ್ರಯವು 1990ರ ದಶಕದಿಂದಲೂ ಹಣ ಪಡೆಯದೆ ಶುಶ್ರೂಷೆ ನೀಡುತ್ತ ಬಂದಿದೆ. ಮನೋವೈದ್ಯರು ಔಷಧ ಕೊಟ್ಟರೆ ಅರ್ಬುದದ ಔಷಧಗಳ ಪಟ್ಟಿಯನ್ನು ಅವರಿಗೆ ತೋರಿಸಲೇಬೇಕು. ಸ್ತನದ ಅರ್ಬುದಕ್ಕೆ ಕೊಡುವ ಟಮಾಕ್ಸಿಫೆನ್ನಿನ ಬಲವನ್ನು ಪ್ಯಾರಾಕ್ಸೆಟಿನ್, ಫ್ಲುವಾಕ್ಸೆಟಿನ್‌ಗಳಂತಹ ಖಿನ್ನತೆಯ ಮಾತ್ರೆಗಳು ಕುಂದಿಸಬಹುದು.

ಜೊತೆಯಲ್ಲಿರುವವರನ್ನು ಯಾರೂ ಕೇಳುವುದಿಲ್ಲ. ವಾರಗಟ್ಟಲೆ ಆಸ್ಪತ್ರೆಯ ಜಗಲಿಯಲ್ಲಿ ಚಾಪೆ ಹಾಸಿ ಮಲಗಿ, ಅರ್ಧ ಊಟ ಮಾಡಿ, ರೋಗಿಯ ಸಿಡುಕನ್ನೂ ಊರಿನವರ ವಿಚಾರಣೆಯನ್ನೂ ಒಬ್ಬಳೇ ಹೊರುವ ಹೆಂಡತಿ ಅಥವಾ ಮಗಳು, ತಾನು ಬಳಲಿದ್ದೇನೆಂದು ಹೇಳಿಕೊಳ್ಳುವುದನ್ನೇ ಅಪರಾಧವೆಂದು ಎಣಿಸುತ್ತಾಳೆ. ಅವಳನ್ನೂ ಬೆರಳಿನ ಅಂಕ ಕೇಳಬೇಕು. ಚಿಕಿತ್ಸೆಯ ವೇಳಾಪಟ್ಟಿ ಕೈಗೆ ಬಂದ ದಿನವೇ ಬಂಧುಗಳು ಕುಳಿತು, ಯಾವ ವಾರ ಯಾರು ಹೋಗುವುದೆಂದು ಹಂಚಿಕೊಂಡರೆ, ಗಂಡಸರೂ ಆ ಸರದಿಯಲ್ಲಿ ಸೇರಿದರೆ, ಅವಳಿಗೆ ವಾರಕ್ಕೆರಡು ರಾತ್ರಿಯಾದರೂ ನೆಟ್ಟಗೆ ನಿದ್ರೆ ಬರುತ್ತದೆ.

ಚಿಕಿತ್ಸೆ ಮುಗಿದ ದಿನ ಮನೆಯವರೆಲ್ಲ ಸಂತೋಷಪಡುವಾಗ ರೋಗಿಯು ಮಾತ್ರ ಮಂಕಾಗಿರುವುದನ್ನು ಕಂಡು ಗಾಬರಿಪಡಬೇಕಾಗಿಲ್ಲ. ಅದುವರೆಗೆ ದಿನವೂ ವಿಚಾರಿಸುತ್ತಿದ್ದ ದಾದಿಯರೂ ವೈದ್ಯರೂ ಒಮ್ಮೆಗೇ ದೂರವಾಗಿ, ಮೈಯಲ್ಲಿ ಶಕ್ತಿಯಿಲ್ಲದೆ, ಮುಂದಿನ ತಪಾಸಣೆಯವರೆಗೆ ಕಾಯುತ್ತಿರುವುದೇ ಒಂದು ಕಷ್ಟ. ಆಯಾಸವು ಕೆಲವರಲ್ಲಿ ಹಲವು ತಿಂಗಳು ಉಳಿಯುತ್ತದೆ. ತಪಾಸಣೆಯ ದಿನಾಂಕ ಹತ್ತಿರವಾದಂತೆ ನಿದ್ರೆ ಕೆಡುವುದೂ ಸಾಮಾನ್ಯ. ಆಗ ಹಿಂದಿನ ದಿನವೇ ಹೊರಟು, ಘಾಟಿಯ ಪ್ರಯಾಣವನ್ನೂ ಪರೀಕ್ಷೆಯನ್ನೂ ಒಂದೇ ದಿನಕ್ಕೆ ತುರುಕದೆ, ಕೇಳಬೇಕಾದ ಪ್ರಶ್ನೆಗಳನ್ನು ಜ್ವರವನ್ನೂ ಅಂಕವನ್ನೂ ಬರೆದಿಟ್ಟ ಆ ಪುಸ್ತಕದಲ್ಲಿಯೇ ಬರೆದುಕೊಂಡು, ಫಲಿತಾಂಶವನ್ನು ಕೇಳುವಾಗ ಪಕ್ಕದಲ್ಲಿ ಒಬ್ಬರು ಕುಳಿತಿರುವಂತೆ ಏರ್ಪಾಡು ಮಾಡಿಕೊಳ್ಳಬೇಕು.